ಕೌನ್ಸೆಲಿಂಗ್ ಓದುವವರನ್ನು ಡಾಕ್ಟರು, ನರ್ಸುಗಳ ಜೊತೆ ಕೂರಿಸಿ ಕಲಿಸಿ

ಮಾನ್ಯ ಸಂಪಾದಕರೇ,

ಮನಸ್ಸು ಕುಗ್ಗಿದವರಲ್ಲಿ ಎಷ್ಟೋ ಜನ ಮೊದಲು ಹೋಗುವುದು ಮಾಮೂಲಿ ಡಾಕ್ಟರ ಹತ್ತಿರ. ನಿದ್ದೆ ಇಲ್ಲ, ಎದೆ ಡವಡವ, ತಲೆನೋವು ಅಂತ ಹೇಳಿಕೊಳ್ಳುತ್ತಾರೆ. ಅದೇ ಕ್ಲಿನಿಕ್ಕಿನಲ್ಲಿ ಮನಸ್ಸಿಗೂ ಚಿಕಿತ್ಸೆ ಸಿಗಲಿ ಅನ್ನುವುದು ಒಳ್ಳೆಯ ಮಾತೇ. ಆದರೆ ಅಲ್ಲಿ ಕೆಲಸ ಮಾಡಬೇಕಾದ ವಿದ್ಯಾರ್ಥಿಗಳನ್ನು ಅದಕ್ಕೆ ತಯಾರು ಮಾಡುವುದು ಯಾವಾಗ?

ಅಮೆರಿಕದ 'ಇಂಪ್ಯಾಕ್ಟ್' ಅಧ್ಯಯನದ ಫಲಿತಾಂಶ 2002ರಲ್ಲೇ ಬಂತು. ಖಿನ್ನತೆ ಇದ್ದ, 60 ದಾಟಿದ 1,801 ಜನರ ಮೇಲೆ ನಡೆದದ್ದು. ಮಾಮೂಲಿ ಡಾಕ್ಟರು, ರೋಗಿಯನ್ನು ಬಿಡದೆ ವಿಚಾರಿಸಿಕೊಳ್ಳುವ ಒಬ್ಬ ನರ್ಸ್ ಅಥವಾ ಮನಃಶಾಸ್ತ್ರಜ್ಞ, ಹಿಂದಿನಿಂದ ಸಲಹೆ ಕೊಡುವ ಮನೋವೈದ್ಯರು, ಹೀಗೆ ಎಲ್ಲರೂ ಸೇರಿ ನೋಡಿಕೊಂಡವರಲ್ಲಿ ಶೇ 45ರಷ್ಟು ಜನರ ಖಿನ್ನತೆಯ ಲಕ್ಷಣಗಳು ವರ್ಷದ ಹೊತ್ತಿಗೆ ಅರ್ಧಕ್ಕರ್ಧ ಇಳಿದಿದ್ದವು. ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಇದು ಶೇ 19 ಮಾತ್ರ. ಇದಕ್ಕಿಂತ ಜಾಸ್ತಿ ಇನ್ನೇನು ಪುರಾವೆ ಬೇಕು?

ನಮ್ಮ ಕೌನ್ಸೆಲಿಂಗ್ ಪಾಠ ಮಾತ್ರ ಬಾಗಿಲು ಹಾಕಿದ ಕೋಣೆಯಲ್ಲೇ ನಿಂತಿದೆ. ಒಬ್ಬರ ಜೊತೆ ಮುಕ್ಕಾಲು ಗಂಟೆ ಮಾತಾಡುವುದನ್ನು ಚೆನ್ನಾಗಿ ಕಲಿತ ಹುಡುಗಿ ಕ್ಲಿನಿಕ್ಕಿಗೆ ಬಂದರೆ ಅಲ್ಲಿ ಸಿಗುವುದು ಹದಿನೈದೋ ಇಪ್ಪತ್ತೋ ನಿಮಿಷ, ಅದರ ಮಧ್ಯೆಯೇ ಯಾರೋ ಬಾಗಿಲು ತಟ್ಟುತ್ತಾರೆ, ಹೊರಗೆ ಬಂದರೆ ಡಾಕ್ಟರಿಗೆ ಎರಡೇ ಮಾತಲ್ಲಿ ವಿಷಯ ಮುಟ್ಟಿಸಬೇಕು. ಥೈರಾಯ್ಡ್ ಕಡಿಮೆಯಾದರೂ ಸುಸ್ತು, ಬೇಸರ ಬರುತ್ತದೆ. ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳಿಂದ ತೂಕ, ಶುಗರ್ ಏರುತ್ತದೆ. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲೀಥಿಯಂ ಮಾತ್ರೆ ತಗೊಳ್ಳುವವರಿಗೆ ಆಗಾಗ ರಕ್ತ ಪರೀಕ್ಷೆ ಬೇಕೇ ಬೇಕು. ಆಕೆ ಔಷಧ ಬರೆಯುವುದಿಲ್ಲ, ನಿಜ. ಆದರೆ ಯಾವಾಗ ಯಾರನ್ನು ಕೇಳಬೇಕು ಅನ್ನುವುದು ಗೊತ್ತಿರಬೇಕಲ್ವಾ? ಹಾಗೆಯೇ, ಕೌನ್ಸೆಲಿಂಗ್ ಅಂದರೆ ಸುಮ್ನೆ ನಾಲ್ಕು ಸಮಾಧಾನದ ಮಾತು ಅಂದುಕೊಂಡ ವೈದ್ಯ ವಿದ್ಯಾರ್ಥಿಯೂ ಕಲಿಯಬೇಕಾದದ್ದು ಬೇಕಾದಷ್ಟಿದೆ.

ನನಗೆ ಜಾಸ್ತಿ ಚಿಂತೆ ಇರುವುದು ಗುಟ್ಟಿನ ವಿಷಯದಲ್ಲಿ. ಕೇಸ್ ಶೀಟನ್ನು ಎಲ್ಲರೂ ಓದುತ್ತಾರೆ. ರೋಗಿ ನಂಬಿ ಹೇಳಿಕೊಂಡ ಮನೆಯ ಜಗಳವನ್ನೆಲ್ಲ ಅದರಲ್ಲಿ ಬರೆದರೆ ನಂಬಿಕೆ ಹೋಯಿತು. ಸಾಯುವ ಯೋಚನೆ ಇದೆ ಅನ್ನುವುದನ್ನು ತಂಡಕ್ಕೆ ತಿಳಿಸದೆ ಬಿಟ್ಟರೆ ಜೀವವೇ ಹೋಗಬಹುದು. ಏನು ಬರೆಯಬೇಕು, ಏನು ಬಿಡಬೇಕು, ಯಾವ ವಿಷಯ ಯಾರಿಗೆ ಹೋಗುತ್ತದೆ ಅಂತ ರೋಗಿಗೆ ಮೊದಲೇ ಹೇಗೆ ಹೇಳಬೇಕು, ಇದೆಲ್ಲ ಪುಸ್ತಕ ಓದಿದರೆ ಬರುವುದಿಲ್ಲ. ಅನುಭವಿಗಳ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಬೇರೆ ಬೇರೆ ವೃತ್ತಿಯವರು ಒಬ್ಬರ ಬಗ್ಗೆ ಒಬ್ಬರು, ಒಬ್ಬರಿಂದ ಒಬ್ಬರು, ಜೊತೆಯಾಗಿ ಕಲಿಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಹೇಳಿದೆ. ವರ್ಷಕ್ಕೊಂದು ಸೆಮಿನಾರ್ ಇಟ್ಟು ಕೈತೊಳೆದುಕೊಂಡರೆ ಆಗುವುದಿಲ್ಲ. ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಸಮಾಜಕಾರ್ಯ, ಮನಃಶಾಸ್ತ್ರ ಓದುವವರನ್ನು ಒಂದೇ ಕ್ಲಿನಿಕ್ಕಿಗೆ ಒಟ್ಟಿಗೆ ಹಾಕಿ. ಒಬ್ಬ ರೋಗಿಗೆ ಎಲ್ಲರೂ ಸೇರಿ ಒಂದೇ ಚಿಕಿತ್ಸಾ ಯೋಜನೆ ಬರೆಯಲಿ. ಅದಕ್ಕೆ ಅಂಕವೂ ಇರಲಿ, ಅಂಕವಿಲ್ಲದ್ದಕ್ಕೆ ಟೈಮ್‌ಟೇಬಲ್ಲಿನಲ್ಲಿ ಜಾಗ ಸಿಗುವುದೇ ಇಲ್ಲ. ಮೇಲ್ವಿಚಾರಣೆಗೆ ವೈದ್ಯಕೀಯ, ಮನಃಶಾಸ್ತ್ರ ಎರಡೂ ವಿಭಾಗದ ಶಿಕ್ಷಕರು ಬರಬೇಕು, ಮೊದಲು ಅವರು ಒಟ್ಟಿಗೆ ಕೂರಲಿ.

ಇಂತಿ,
ಮನಃಶಾಸ್ತ್ರದ ಒಬ್ಬ ಶಿಕ್ಷಕಿ