ಬೋರಿನ ನೀರಿನ ವರದಿಯಲ್ಲಿ ಕ್ರೋಮಿಯಂ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರಿಗೆ,

ಕಳೆದ ಚಳಿಗಾಲದಲ್ಲಿ ಮಗನ ಮನೆಯಲ್ಲಿರಲೆಂದು ಎರಡು ತಿಂಗಳು ಕಾನ್ಪುರಕ್ಕೆ ಹೋಗಿದ್ದೆ. ಅಲ್ಲಿ ಗಂಗೆಯ ದಂಡೆಗುಂಟ ಇರುವ ಜಾಜ್‌ಮೌ ಭಾಗದಲ್ಲಿ ಚರ್ಮ ಹದ ಮಾಡುವ ನೂರಾರು ಕಾರ್ಖಾನೆಗಳಿವೆ. ಒಂದು ಓಣಿಯಲ್ಲಿ ಕೈಗಾಡಿಯ ಮೇಲೆ ಒಟ್ಟಿದ್ದ ಹಸಿ ಚರ್ಮಗಳನ್ನು ಕಂಡೆ. ಅವುಗಳ ಬಣ್ಣ ತಿಳಿನೀಲಿ. ಗಾಡಿಯಿಂದ ಸೋರಿದ ನೀರು ಗಟಾರಕ್ಕಿಳಿದು ಅಲ್ಲಿಯ ರಾಡಿಯೂ ನೀಲಿಗಪ್ಪಾಗಿತ್ತು. ಅದೇ ಓಣಿಯ ಕೈಪಂಪಿನ ಬಳಿ ಪಾತ್ರೆ ತಿಕ್ಕುತ್ತಿದ್ದ ಹೆಣ್ಣುಮಗಳೊಬ್ಬರು ನಾವು ನೋಡುತ್ತ ನಿಂತದ್ದನ್ನು ಗಮನಿಸಿ, ಸ್ಟೀಲ್ ತಂಬಿಗೆಯಲ್ಲಿ ನೀರು ಹಿಡಿದು ನನ್ನ ಮುಂದೆ ಚಾಚಿದರು. ತಂಬಿಗೆಯ ತಳದಲ್ಲಿ ನೀರಿಗೆ ತೆಳುವಾದ ಹಳದಿ ಛಾಯೆ ಇತ್ತು. ಇದು ಪಾತ್ರೆಗಷ್ಟೇ, ಕುಡಿಯಲು ಕೊಂಡು ತರುತ್ತೇವೆ ಎಂದು ಅವರು ಹೇಳಿದ್ದನ್ನು ಮಗ ನನಗೆ ತಿಳಿಸಿದ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುವಾಗ ಕ್ರೋಮಿಯಂನ ವಿಷಕಾರಿ ಲವಣವಾದ ಕ್ರೋಮೇಟ್‌ನ ದ್ರಾವಣದ ಹಳದಿಯನ್ನು ಪ್ರಣಾಳದಲ್ಲಿ ಹಿಡಿದು ಮಕ್ಕಳಿಗೆ ತೋರಿಸಿದವನು ನಾನು. ತಂಬಿಗೆಯನ್ನು ಅವರ ಕೈಗೆ ಮರಳಿಸುವಾಗ ನನಗೆ ಮಾತೇ ಹೊರಡಲಿಲ್ಲ.

ಹಿಂದೆ ನಮ್ಮ ಕಡೆ ಆವರಿಕೆ ತೊಗಟೆ, ಅಳಲೆಕಾಯಿ, ಸುಣ್ಣಗಳಿಂದ ವಾರಗಟ್ಟಲೆ ಚರ್ಮ ಹದ ಮಾಡುತ್ತಿದ್ದರು. ಈಗ ಕ್ರೋಮಿಯಂ ಲವಣದಿಂದ ಆ ಕೆಲಸ ಒಂದೆರಡು ದಿನಗಳಲ್ಲಿ ಮುಗಿಯುತ್ತದೆ. ಆದರೆ ಹಾಕಿದ ಲವಣದಲ್ಲಿ ಚರ್ಮ ಹೀರಿಕೊಳ್ಳುವುದು ಸಾಮಾನ್ಯವಾಗಿ ನೂರಕ್ಕೆ 60ರಿಂದ 70 ಭಾಗ ಮಾತ್ರ. ಉಳಿದದ್ದು ಉಪ್ಪು, ಸುಣ್ಣ, ಸಲ್ಫೈಡ್‌ಗಳೊಂದಿಗೆ ನೀರಿನಲ್ಲಿ ಹೊರಬೀಳುತ್ತದೆ. ಒಂದು ಟನ್ ಹಸಿ ಚರ್ಮಕ್ಕೆ ಸುಮಾರು 30ರಿಂದ 40 ಸಾವಿರ ಲೀಟರ್ ನೀರು ಬೇಕಾಗುತ್ತದೆ ಎಂದರೆ ಹೊರಬೀಳುವ ಹೊಲಸಿನ ಪ್ರಮಾಣವನ್ನು ಓದುಗರೇ ಊಹಿಸಬಹುದು. ಚರ್ಮ ಹದ ಮಾಡುವುದಕ್ಕೆ ಬಳಸುವ ಕ್ರೋಮಿಯಂ ಅಷ್ಟೊಂದು ವಿಷಕಾರಿಯಲ್ಲ. ಆದರೆ ಮಣ್ಣಿನಲ್ಲಿರುವ ಮ್ಯಾಂಗನೀಸ್ ಆಕ್ಸೈಡ್‌ನಂಥ ವಸ್ತುಗಳ ಸಂಪರ್ಕದಲ್ಲಿ ಅದರ ಒಂದಂಶ ಹೆಕ್ಸಾವೇಲೆಂಟ್ ಎಂಬ ಹೆಚ್ಚು ವಿಷಕಾರಿ ರೂಪಕ್ಕೆ ತಿರುಗಬಲ್ಲದು. ಆ ಲವಣವನ್ನು ತಯಾರಿಸುವ ಘಟಕಗಳ ತ್ಯಾಜ್ಯದಲ್ಲಂತೂ ಹೆಕ್ಸಾವೇಲೆಂಟ್ ಕ್ರೋಮಿಯಂ ಮೊದಲೇ ಇರುತ್ತದೆ. ಕ್ಯಾನ್ಸರ್‌ಕಾರಕವಾದ ಈ ರೂಪ ನೀರಿನಲ್ಲಿ ಸುಲಭವಾಗಿ ಕರಗಿ, ನೀರು ಹರಿದಲ್ಲೆಲ್ಲ ತಾನೂ ಹರಿಯುತ್ತದೆ. ಕಾನ್ಪುರದ ಸಮೀಪದ ರಾನಿಯಾದಲ್ಲಿ ಇಂಥ ತ್ಯಾಜ್ಯದ ರಾಶಿ ದಶಕಗಳ ಕಾಲ ಬಯಲಿನಲ್ಲೇ ಬಿದ್ದಿತ್ತು. ಪ್ರತಿ ಮಳೆಗಾಲ ಅದನ್ನು ತೊಳೆದು ನೆಲದೊಳಗೆ ಇಳಿಸಿದ ಪರಿಣಾಮವಾಗಿ ಸುತ್ತಲಿನ ಹಳ್ಳಿಗಳ ಅಂತರ್ಜಲ ಕೆಟ್ಟು, ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು.

ಕಾನೂನು ಇಲ್ಲವೆಂದು ಯಾರೂ ಹೇಳುವಂತಿಲ್ಲ. ತಮಿಳುನಾಡಿನ ಚರ್ಮ ಕಾರ್ಖಾನೆಗಳ ಕುರಿತು ವೆಲ್ಲೂರಿನ ನಾಗರಿಕರು ಹೂಡಿದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರ ಆಗಸ್ಟ್ 28ರಂದು ತೀರ್ಪು ನೀಡಿ, ಮಾಲಿನ್ಯ ಮಾಡಿದವನೇ ಅದರ ವೆಚ್ಚವನ್ನೂ ಪರಿಹಾರವನ್ನೂ ಭರಿಸಬೇಕೆಂದು ಸ್ಪಷ್ಟಪಡಿಸಿತು. ದಿಂಡಿಗಲ್ ಭಾಗದ 13 ಹಳ್ಳಿಗಳ 467 ಬಾವಿಗಳ ಪೈಕಿ 350 ಕೆಟ್ಟಿದ್ದವೆಂಬ ಸಮೀಕ್ಷೆಯ ಮಾತು ಅದೇ ತೀರ್ಪಿನಲ್ಲಿದೆ. ಹೀಗಿದ್ದೂ 2025ರ ಜನವರಿಯಲ್ಲಿ ಅದೇ ನ್ಯಾಯಾಲಯವು ವೆಲ್ಲೂರು ಜಿಲ್ಲೆಯ ಅದೇ ಸಂಕಟದ ಬಗ್ಗೆ ಮತ್ತೆ ತೀರ್ಪು ನೀಡಬೇಕಾಯಿತು. ನೆಲದೊಳಗಿನ ನೀರು ಒಮ್ಮೆ ಕೆಟ್ಟರೆ ತೀರ್ಪಿನಿಂದ ತಿಳಿಯಾಗುವುದಿಲ್ಲ.

ಇಷ್ಟು ದೂರದ ಸಂಗತಿಯನ್ನು ಹುಬ್ಬಳ್ಳಿಯಲ್ಲಿ ಕುಳಿತು ಬರೆಯಲು ಕಾರಣವಿದೆ. ಕಾನ್ಪುರದಷ್ಟು ಚರ್ಮ ಕಾರ್ಖಾನೆಗಳು ನಮ್ಮಲ್ಲಿಲ್ಲ, ನಿಜ. ಆದರೆ ಕ್ರೋಮಿಯಂ ಬರುವುದು ಚರ್ಮದ ಕೆಲಸದಿಂದ ಮಾತ್ರವಲ್ಲ. ಲೋಹಕ್ಕೆ ಕ್ರೋಮ್ ಲೇಪನ ಮಾಡುವ ಸಣ್ಣ ಘಟಕಗಳಿಂದಲೂ ಬರುತ್ತದೆ, ಅದೂ ನೇರವಾಗಿ ಹೆಕ್ಸಾವೇಲೆಂಟ್ ರೂಪದಲ್ಲಿ. ಅವಳಿ ನಗರದ ಅನೇಕ ಬಡಾವಣೆಗಳಲ್ಲಿ ನಳದ ನೀರು ಹಲವು ದಿನಗಳಿಗೊಮ್ಮೆ ಬರುವುದರಿಂದ ನಡುವಿನ ದಿನಗಳಿಗೆ ಬೋರಿನ ನೀರೇ ಗತಿ. ನಮ್ಮದು ಗಟ್ಟಿ ಕಲ್ಲಿನ ನೆಲ. ಇಲ್ಲಿ ನೀರು ಬಂಡೆಯ ಬಿರುಕುಗಳಲ್ಲಿ ನಿಂತಿರುತ್ತದೆ, ಬಿರುಕು ಹೋದ ದಿಕ್ಕಿಗೆ ಹರಿಯುತ್ತದೆ. ತಾರಿಹಾಳ, ಗೋಕುಲ ರಸ್ತೆ ಅಥವಾ ಧಾರವಾಡದ ಬೇಲೂರಿನಂಥ ಕೈಗಾರಿಕಾ ಪ್ರದೇಶದಲ್ಲಿ ಒಂದೊಮ್ಮೆ ಏನಾದರೂ ನೆಲಕ್ಕಿಳಿದರೆ ಅದು ಯಾವ ಓಣಿಯ ಬೋರಿನಲ್ಲಿ ಮೇಲೇಳುತ್ತದೆಂದು ಮೇಲಿನಿಂದ ನೋಡಿ ಹೇಳಲಾಗದು.

ನಮ್ಮ ಓಣಿಯ ಸಾರ್ವಜನಿಕ ಬೋರಿನ ನೀರಿನ ವರದಿಯನ್ನು ಸಂಬಂಧಪಟ್ಟ ಕಚೇರಿಯೊಂದರಲ್ಲಿ ಕೇಳಿ ಪಡೆದೆ. ಪಿಎಚ್, ಗಡಸುತನ, ಫ್ಲೋರೈಡ್, ನೈಟ್ರೇಟ್ ಎಲ್ಲವೂ ಇದ್ದು ಕೆಳಗೆ ‘ಕುಡಿಯಲು ಯೋಗ್ಯ’ ಎಂದು ಮುದ್ರೆ ಒತ್ತಿತ್ತು. ಕ್ರೋಮಿಯಂ ಎಲ್ಲಿ ಎಂದು ಕೇಳಿದ್ದಕ್ಕೆ ಅಲ್ಲಿಯ ಸಿಬ್ಬಂದಿ, “ನಮ್ಮ ಕಿಟ್‌ನ್ಯಾಗ ಅದು ಬರೂದಿಲ್ರೀ ಸರ್” ಎಂದರು. ಅವರು ಹೇಳಿದ್ದು ನಿಜ. ಭಾರಲೋಹಗಳ ಪರೀಕ್ಷೆಗೆ ಪ್ರಯೋಗಾಲಯದ ಉಪಕರಣವೇ ಬೇಕು. ಆದರೆ ನೋಡದೇ ಇರುವ ವಸ್ತುವಿನ ಬಗ್ಗೆಯೂ ಸೇರಿಸಿ ‘ಯೋಗ್ಯ’ ಎಂದು ಬರೆಯುವುದು ಸರಿಯೇ? ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಅದಕ್ಕೆ ಯಾವ ಸಡಿಲಿಕೆಯೂ ಇಲ್ಲ. ಆ ಮಟ್ಟದಲ್ಲಿ ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಕಣ್ಣಿಗೆ ಹಳದಿ ಕಾಣುವ ಹೊತ್ತಿಗೆ ಮಿತಿ ಎಷ್ಟೋ ಪಟ್ಟು ಮೀರಿರುತ್ತದೆ. ಕುದಿಸಿದರೂ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸಾಂದ್ರವಾಗುತ್ತದೆ. ಗದಗ ಜಿಲ್ಲೆಯ ಮುಂಡರಗಿ ಭಾಗದಲ್ಲಿ ಫ್ಲೋರೈಡ್ ಬಗ್ಗೆ ಇಂದು ಹಳ್ಳಿಯ ಮಕ್ಕಳೂ ಮಾತನಾಡುತ್ತಾರೆಂದರೆ ಅದನ್ನು ಅಳೆದು ಜನರಿಗೆ ತಿಳಿಸಿದ್ದರಿಂದಲೇ.

ಆದ್ದರಿಂದ ಮಹಾನಗರ ಪಾಲಿಕೆ ಮತ್ತು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನನ್ನ ವಿನಂತಿ ಇಷ್ಟು: ಕೈಗಾರಿಕಾ ಪ್ರದೇಶಗಳ ಸುತ್ತಲಿನ ಎಲ್ಲ ಸಾರ್ವಜನಿಕ ಬೋರುಗಳ ನೀರನ್ನು ಮಳೆಗಾಲಕ್ಕೆ ಮೊದಲೊಮ್ಮೆ, ನಂತರ ಒಮ್ಮೆ ಪ್ರಯೋಗಾಲಯಕ್ಕೆ ಕಳಿಸಿ ಕ್ರೋಮಿಯಂ, ನಿಕ್ಕಲ್, ಸೀಸಗಳನ್ನು ಅಳೆಯಬೇಕು, ಫಲಿತಾಂಶವನ್ನು ಕನ್ನಡದಲ್ಲಿ, ಆಯಾ ಬೋರಿನ ಪಕ್ಕದ ಫಲಕದಲ್ಲಿಯೇ ಹಚ್ಚಬೇಕು, ಮಿತಿ ಮೀರಿದ ಬೋರನ್ನು ಅಂದೇ ಮುಚ್ಚಿ ಅಲ್ಲಿಯ ಜನರಿಗೆ ಟ್ಯಾಂಕರ್ ನೀರು ಕೊಡಬೇಕು. ನಮ್ಮ ಓಣಿಯ ಬೋರಿನಿಂದಲೇ ಆರಂಭಿಸುವುದಾದರೆ, ಮಾದರಿ ತೆಗೆಯುವ ದಿನ ಬಾಟಲಿ ಹಿಡಿದು ನಿಲ್ಲಲು ನಾನೂ ನನ್ನ ನೆರೆಹೊರೆಯವರೂ ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕ
ಹಳೇ ಹುಬ್ಬಳ್ಳಿ