ಜೋಡಿಸುವ ಮುಂಚೆ ಬಿಳಿ ಅಂಚು ತೆಗೆಯಿರಿ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯ ವೈಮಾನಿಕ ಚಿತ್ರಗಳ ಮೊಸಾಯಿಕ್ (ಹಾಳೆಗಳನ್ನೆಲ್ಲ ಜೋಡಿಸಿದ ಒಂದೇ ದೊಡ್ಡ ಚಿತ್ರ) ಬರೋ ಸೋಮವಾರ ವೆಬ್‌ಗೆ ಹೋಗುತ್ತದೆ. ಹಾಳೆ ಹಂಚಿಕೊಂಡವರೆಲ್ಲ ಶನಿವಾರ ಸಂಜೆಯೊಳಗೆ ಸುತ್ತಲಿನ ಬಿಳಿ ಅಂಚು ತೆಗೆದು ಕಳಿಸಿ. ಹಾಗೇ ಬಿಟ್ಟರೆ ಆ ಬಿಳಿ ಪಟ್ಟಿ ಪಕ್ಕದ ಹಾಳೆಯ ಮೇಲೆ ಕೂತು, ಘಟಪ್ರಭಾ ನದಿ ಅರ್ಧಕ್ಕೇ ನಿಂತ ಹಾಗೆ ಕಾಣುತ್ತದೆ.

ದಯವಿಟ್ಟು ಅಚ್ಚ ಬಿಳಿಯ ಸಂಖ್ಯೆಯಾದ 255 ಅನ್ನು ನೋ-ಡೇಟಾ (ಚಿತ್ರವಿಲ್ಲದ ಖಾಲಿ ಜಾಗ) ಅಂತ ಕೊಟ್ಟು ಸುಮ್ಮನಾಗಬೇಡಿ. ನವನಗರದ ಬಿಳಿ ತಾರಸಿಗಳಲ್ಲೂ ಅದೇ ಸಂಖ್ಯೆ ಇರಬಹುದು, ಆಗ ಮನೆ ನಡುವೆಯೇ ತೂತು ಬೀಳುತ್ತದೆ. ಜೆಪೆಗ್‌ನಲ್ಲಂತೂ ಚಿತ್ರ ಕುಗ್ಗಿಸುವಾಗ ಬಣ್ಣ ಸ್ವಲ್ಪ ಬದಲಾಗಿ, ಅಂಚಿನ ಬಿಳಿ ಎಲ್ಲ ಕಡೆ 255 ಆಗಿ ಉಳಿಯುವುದಿಲ್ಲ. 253, 250 ಅಂತ ಕದಡಿ, ಚುಕ್ಕೆ ಚುಕ್ಕೆ ಉಳಿದುಬಿಡುತ್ತದೆ.

ಜಿಡಾಲ್ ಎಂಬ ಉಚಿತ ನಕ್ಷೆ-ಚಿತ್ರ ತಂತ್ರಾಂಶದ ಜೊತೆ ಬರುವ ನಿಯರ್‌ಬ್ಲ್ಯಾಕ್ ಸಾಧನ ಬಳಸಿ. ವೈಟ್ (ಕಪ್ಪಿನ ಬದಲು ಬಿಳಿ ಅಂಚು ಹುಡುಕಲು), ಸೆಟ್‌ಆಲ್ಫಾ (ಆ ಅಂಚನ್ನು ಪಾರದರ್ಶಕ ಮಾಡಲು) ಎರಡೂ ಆಯ್ಕೆ ಕೊಡಿ. ಅದು ಅಂಚಿನಿಂದ ಒಳಕ್ಕೆ ಬಂದು, ನಿಜವಾದ ಚಿತ್ರ ಸಿಕ್ಕಲ್ಲಿ ನಿಲ್ಲುತ್ತದೆ. ಅಂಚಿಗೆ ತಾಗಿದ ಬಿಳಿ ಕಟ್ಟಡ ಇದ್ದರೆ ಮಾತ್ರ ಸ್ವಲ್ಪ ನೋಡಿಕೊಳ್ಳಿ. ಜಿಯೋಟಿಫ್ (ಜಾಗದ ಮಾಹಿತಿಯೂ ಇರುವ ಚಿತ್ರ ಫೈಲ್) ಆಗಿ, ಗುಣಮಟ್ಟ ಕೆಡಿಸದೆ ಕುಗ್ಗಿಸುವ ಡಿಫ್ಲೇಟ್ ಕಂಪ್ರೆಷನ್‌ನಲ್ಲಿ ಉಳಿಸಿ. ಮತ್ತೆ ಜೆಪೆಗ್ ಮಾಡಿದರೆ ಪಾರದರ್ಶಕತೆ ಹೋಗುತ್ತದೆ. ಕೊನೆಗೆ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಕಡುಬಣ್ಣದ ಹಿನ್ನೆಲೆ ಇಟ್ಟು ನೋಡಿ, ಉಳಿದ ಗೆರೆ ಎದ್ದು ಕಾಣುತ್ತದೆ. ಮೂಲ ಫೈಲ್ ಅಳಿಸಬೇಡಿ.

ಮುಗಿಸಿದವರು ಹಾಳೆ ನಂಬರ್ ಜೊತೆ ‘ಆಯ್ತು’ ಅಂತ ಹಾಕಿ. ಕಂಪ್ಯೂಟರ್ ತೊಂದರೆ ಇದ್ದವರು ಇವತ್ತೇ ಹೇಳಿ, ನಾನು ಮಾಡಿಕೊಡುತ್ತೇನೆ.