ನೀರು ಬಿಡುವವನನ್ನು ಬರೆದ ಹುಡುಗಿಗೆ

ಪ್ರೀತಿಯ ಮಗಳೇ,

ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಬಾಯಲ್ಲೇ ಕತೆ ಕಟ್ಟುತ್ತಾ ಆಡುವ ಸೂಪರ್‌ಹೀರೋ ಆಟಕ್ಕೆ ನೀನು ಬರೆದ ಅರವತ್ತು ಪುಟ ಓದಿದೆ. ಜೊತೆಗಿದ್ದ ಕಾಗದವನ್ನೂ ಓದಿದೆ. ಆಟಕ್ಕೆ ಕೂತ ನಾಲ್ವರಲ್ಲಿ ಇಬ್ಬರು ಮೊಬೈಲ್ ನೋಡುತ್ತಾ ಕೂತರು. ಒಬ್ಬಳು ನಡುವೆಯೇ ಎದ್ದು ಹೋದಳು. ನಾಲ್ಕನೆಯವನು ಮೊದಲ ಹತ್ತು ನಿಮಿಷದಲ್ಲೇ ಆಟದೊಳಗಿನ ವಿಲನ್‌ಗೆ ಫೋನ್ ಮಾಡಿ, "ಬನ್ನಿ, ಕಾಫಿ ಕುಡೀತಾ ಮಾತಾಡೋಣ" ಅಂದ. ನೀನು "ಹಾಗೆಲ್ಲ ಮಾಡೋಕಾಗಲ್ಲ" ಅಂದೆ. ಅವನು "ಹಾಗಾದ್ರೆ ನೀನೇ ಆಡ್ಕೋ" ಅಂದ. ಅವತ್ತು ರಾತ್ರಿ ನೀನು ಇನ್ನು ಬರೆಯುವುದೇ ಇಲ್ಲ ಅಂತ ತೀರ್ಮಾನ ಮಾಡಿದೆ. ಬರೆಯುವುದಿಲ್ಲ ಅಂತ ಹೇಳಲು ನಾಲ್ಕು ಪುಟ ಬರೆದಿದ್ದೀಯ. ಇರಲಿ.

ಯಾವ ಸಿಸ್ಟಂ (ಆಟದ ನಿಯಮಗಳ ಕಟ್ಟು) ಒಳ್ಳೆಯದು, ಹೀರೋಗೆ ಎಷ್ಟು ಪಾಯಿಂಟ್ ಕೊಡಬೇಕು, ಚಿತ್ರ ಯಾರ ಹತ್ತಿರ ಬರೆಸಬೇಕು, ಕನ್ನಡದಲ್ಲಿ ಅಚ್ಚು ಹಾಕಿದರೆ ಯಾರು ಕೊಳ್ಳುತ್ತಾರೆ ಅಂತೆಲ್ಲ ಕೇಳಿದ್ದೀಯ. ಅದನ್ನೆಲ್ಲ ಹೇಳಲು ಬೇರೆ ಜನ ಇದ್ದಾರೆ, ನನಗಿಂತ ಚೆನ್ನಾಗಿ ಹೇಳುತ್ತಾರೆ. ನನಗೆ ಆ ಮಾತೆಲ್ಲ ಬೇಜಾರು.

ನಿನ್ನ ಹೀರೋ ಅಗ್ನಿಕೇತುವಿನ ವಿಷಯಕ್ಕೆ ಬರುತ್ತೇನೆ. ಆಟಕ್ಕೆ ಮುಂಚಿನ ಅವನ ಕತೆ, ಅಂದರೆ ಬ್ಯಾಕ್‌ಸ್ಟೋರಿ, ಒಂಬತ್ತು ಪುಟ. ಅಪ್ಪ ಅಮ್ಮ ಬೆಂಕಿಯಲ್ಲಿ ಸತ್ತರು. ಬೆಂಕಿ ಇಟ್ಟವನು ಯಾರು ಅಂತ ಪತ್ತೆ ಮಾಡಿದ. ಸೇಡು ತೀರಿಸಿಕೊಂಡ. ಗುರು ಸಿಕ್ಕಿದ, ಗುರು ಮೋಸ ಮಾಡಿದ, ಕೊನೆಗೆ ಗುರುವನ್ನೂ ಕ್ಷಮಿಸಿದ. ಈಗ ಇಪ್ಪತ್ತನೇ ಮಹಡಿಯಲ್ಲಿ ಒಬ್ಬನೇ ಇದ್ದಾನೆ, ಹಿಂದೆ ಮುಂದೆ ಯಾರೂ ಇಲ್ಲ. ಅಲ್ಲಮ್ಮಾ, ಕತೆ ಮುಗಿದ ಮೇಲೆ ಆಟಕ್ಕೆ ಬಂದಿದ್ದಾನಲ್ಲ ಇವನು! ನೆಂಟರನ್ನು ಊಟಕ್ಕೆ ಕರೆದು, ನಾವೇ ಉಂಡು, ಉಂಡ ಎಲೆ ತೋರಿಸಿದ ಹಾಗಾಯಿತು. ಅದೂ ಅಲ್ಲದೆ, ಬೆಂಗಳೂರಿನಲ್ಲಿ ಹಿಂದೆ ಮುಂದೆ ಯಾರೂ ಇಲ್ಲದ ಒಬ್ಬ ಮನುಷ್ಯನನ್ನು ತೋರಿಸು ನೋಡೋಣ. ಏನಿಲ್ಲ ಅಂದರೂ ಅಡ್ವಾನ್ಸ್ ವಾಪಸ್ ಕೊಡದ ಒಬ್ಬ ಹಳೇ ಓನರ್ ಇದ್ದೇ ಇರುತ್ತಾನೆ.

ನಿನ್ನ ಭಾಷೆ ಚೆನ್ನಾಗಿದೆ. ತೊಂದರೆ ಇರುವುದೇ ಅಲ್ಲಿ. ಚೆನ್ನಾಗಿ ಬರೆಯಲು ಬರುತ್ತದೆ ಅಂತ ಪೂರ್ತಿ ಬರೆದುಬಿಡುತ್ತೀಯ. ಕಾದಂಬರಿ ಆಗಿದ್ದರೆ ಸರಿ, ಓದುವವನಿಗೆ ಸುಮ್ನೆ ಕೂರುವುದೇ ಕೆಲಸ. ಇಲ್ಲಿ ಮೇಜಿನ ಸುತ್ತ ಕೂತವರೂ ಕತೆ ಕಟ್ಟಲು ಬಂದಿದ್ದಾರೆ. ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು, ಕೇಳಿ ಕೇಳಿ ನನ್ನ ಮನೆಯವರಿಗೆ ಸಾಕಾಗಿದೆ: ಬಾಕಿ ಇಡು. ಪಾತ್ರ ಬರೆದರೂ ಸರಿ, ಊರು ಬರೆದರೂ ಸರಿ, ಇನ್ನೊಬ್ಬರು ಕೈ ಹಾಕಲು ಜಾಗ ಬಾಕಿ ಇಡು.

ಇದು ನನಗೆ ಯಾಕೆ ಇಷ್ಟು ಮನಸ್ಸಿಗೆ ಹತ್ತಿದೆ ಅಂತ ಹೇಳಿಬಿಡುತ್ತೇನೆ. ಬಹಳ ಹಿಂದೆ ಒಂದು ವಾರಪತ್ರಿಕೆಯ ಮಕ್ಕಳ ಪುಟಕ್ಕೆ ಕಾಮಿಕ್ಸ್ ಧಾರಾವಾಹಿ ಬರೆಯುತ್ತಿದ್ದೆ. ಹೀರೋ ಕೆ.ಜಿ. ರಸ್ತೆಯ ಟಾಕೀಸೊಂದರಲ್ಲಿ ಟಿಕೆಟ್ ಹರಿಯುವ ಹುಡುಗ. ದೀಪ ಆರಿದ ಕೂಡಲೇ ಅವನು ಯಾರಿಗೂ ಕಾಣುತ್ತಿರಲಿಲ್ಲ. ಯಾಕೆ ಅಂತ ನಾನು ಬರೆಯಲಿಲ್ಲ. ಮಕ್ಕಳು ಪೋಸ್ಟ್‌ಕಾರ್ಡ್ ಮೇಲೆ ಪೋಸ್ಟ್‌ಕಾರ್ಡ್ ಹಾಕಿದರು. ಪ್ರೊಜೆಕ್ಟರ್ ಬೆಳಕು ಕಣ್ಣಿಗೆ ಬಿದ್ದು ಹೀಗಾಯಿತು ಅಂತ ಒಬ್ಬ. ಇಂಟರ್‌ವಲ್‌ನಲ್ಲಿ ಮಾರುವ ಕಡಲೆಕಾಯಿ ಪೊಟ್ಟಣದ ಕಾಗದದಲ್ಲಿ ಮಂತ್ರ ಇದೆ, ಅದನ್ನು ಅವನು ಓದಿಬಿಟ್ಟಿದ್ದಾನೆ ಅಂತ ಇನ್ನೊಬ್ಬಳು. ನನಗೆ ಇಂಥದ್ದು ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ. ಒಂದು ವಾರ ಸಂಪಾದಕರು, "ಓದುಗರಿಗೆ ಗೊಂದಲ ಬೇಡ" ಅಂತ, ನನ್ನನ್ನು ಕೇಳದೆ ಪುಟದ ಮೂಲೆಯಲ್ಲಿ ಒಂದು ಬಾಕ್ಸ್ ಹಾಕಿದರು: ಒಬ್ಬ ವಿಜ್ಞಾನಿ, ಒಂದು ಔಷಧಿ, ಮುಗಿಯಿತು. ಕಾರ್ಡುಗಳು ಅಲ್ಲಿಗೆ ನಿಂತವು. ಆ ಸಂಪಾದಕರು ಈಗಿಲ್ಲ. ನನ್ನ ಸಿಟ್ಟು ಇದೆ.

ಸೂಪರ್‌ಹೀರೋ ಆಟ ಕಟ್ಟಿದವರಿಗೆ ಇದು ಮೊದಲಿನಿಂದ ಗೊತ್ತಿತ್ತು. 1979ರ ವಿಲನ್ಸ್ ಅಂಡ್ ವಿಜಿಲಾಂಟೀಸ್‌ನಲ್ಲಿ ಆಡುವವರು ತಮ್ಮನ್ನೇ ಹೀರೋ ಮಾಡಿಕೊಳ್ಳಬೇಕಿತ್ತು. ಮೈಕಟ್ಟು ತನ್ನದು, ಬುದ್ಧಿ ತನ್ನದು, ಪವರ್ ಮಾತ್ರ ಡೈಸ್ ಕೊಟ್ಟದ್ದು. ಬ್ಯಾಕ್‌ಸ್ಟೋರಿ ಬರೆಯುವ ಗೋಜೇ ಇಲ್ಲ, ಅಮ್ಮನೂ ಪರೀಕ್ಷೆಯೂ ಆಗಲೇ ಮನೆಯಲ್ಲಿ ಕಾಯುತ್ತಿದ್ದಾರೆ. 1981ರ ಚಾಂಪಿಯನ್ಸ್ ಇನ್ನೂ ಜಾಣ. ಜಾಸ್ತಿ ಪವರ್ ಬೇಕಾ, ಜಾಸ್ತಿ ತಾಪತ್ರಯ ಹೊತ್ತುಕೋ. ಬೆನ್ನು ಹತ್ತಿದ ಶತ್ರು, ನೋಡಿಕೊಳ್ಳಬೇಕಾದ ಅತ್ತೆ, ಮುಚ್ಚಿಡಬೇಕಾದ ಗುಟ್ಟು, ಒಂದೊಂದಕ್ಕೂ ಪಾಯಿಂಟ್. ಸುಮ್ನೆ ಬರೆದುಕೊಂಡರೆ ಸಾಲದು. ಶತ್ರುವಿನ ಮುಂದೆ 11 ಅಂತ ಇದ್ದರೆ ಆಟ ನಡೆಸುವ ಜಿಎಂ (ಗೇಮ್ ಮಾಸ್ಟರ್) ಮೂರು ಡೈಸ್ ಉರುಳಿಸಬೇಕು. ಮೂರೂ ಕೂಡಿ 11 ಅಥವಾ ಅದಕ್ಕಿಂತ ಕಡಿಮೆ ಬಿತ್ತೋ, ಅವತ್ತು ಆ ಶತ್ರು ಬಂದ ಅಂತಲೇ ಲೆಕ್ಕ. ನೂರಕ್ಕೆ ಸುಮಾರು 62 ಸಲ ಬಿದ್ದೇ ಬೀಳುತ್ತದೆ. ಅಗ್ನಿಕೇತುವಿನ ದೌರ್ಬಲ್ಯ ಅಂತ ನೀನು ಬರೆದಿರುವುದು "ಒಂಟಿತನ". ಅದಕ್ಕೆ ಯಾರು ಡೈಸ್ ಉರುಳಿಸಬೇಕು, ಹೇಳು?

2016ರಲ್ಲಿ ಬಂದ ಮಾಸ್ಕ್ಸ್ ನೋಡಿದ್ದೀಯಾ? ಹದಿಹರೆಯದ ಹೀರೋಗಳ ಆಟ. ನಾನು ಅಪಾಯವಾ, ಕಾಪಾಡುವವನಾ, ಎಲ್ಲರಂಥವನಾ ಅನ್ನುವುದಕ್ಕೆಲ್ಲ ಪಾತ್ರದ ಹಾಳೆಯಲ್ಲಿ ಅಂಕಿ ಇದೆ. ನಿನ್ನ ಮೇಲೆ ಪ್ರಭಾವ ಇರುವ ದೊಡ್ಡವರು "ನೀನು ಹೀಗೆ" ಅಂದರೆ ಒಂದು ಅಂಕಿ ಏರುತ್ತದೆ, ಇನ್ನೊಂದು ಇಳಿಯುತ್ತದೆ. ಬೇಡ ಅನ್ನಿಸಿದರೆ ಒಪ್ಪದೆ ಡೈಸ್ ಹಾಕಿ ಎದುರು ನಿಲ್ಲಬೇಕು. (ನಮ್ಮ ಮನೆಗಳಲ್ಲಿ ಡೈಸ್ ಇಲ್ಲದೇ ದಿನಾ ನಡೆಯುವ ಆಟ ಇದು, ಅಲ್ವಾ.) ನಿನ್ನ ಪಾತ್ರದ ಹಾಳೆಯ ಮೇಲೆ ಇನ್ನೊಬ್ಬರ ಕೈ ಇರಬೇಕು ಅಂತ ನಾನು ಹೇಳುವುದು ಇದನ್ನೇ.

ಈಗ 41ನೇ ಪುಟ ತೆಗೆ. ಅಲ್ಲಿ ಎರಡು ವಾಕ್ಯ ಇವೆ: "ನಾಗರಭಾವಿಯಲ್ಲಿ ನೀರು ಬಿಡುವವನೊಬ್ಬನಿದ್ದಾನೆ. ನೆಲದ ಕೆಳಗೆ ಹರಿಯುವ ನೀರು ಅವನಿಗೆ ಕೇಳಿಸುತ್ತದೆ." ಓದಿ ಎದ್ದು ಓಡಾಡಿದೆ ನಾನು. ಅರವತ್ತು ಪುಟದಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ. ನೀನು ಮಾಡಿದ್ದೇನು? ಅವನ ಕೈಲಿ ಅಗ್ನಿಕೇತುವಿಗೆ ಒಂದು ಸುದ್ದಿ ಹೇಳಿಸಿ, 43ನೇ ಪುಟದಲ್ಲಿ ಆ ನೀರು ಬಿಡುವವನನ್ನು ಕೊಂದಿದ್ದೀಯ. ಸಾಯಿಸಲು ಮನಸ್ಸಾದರೂ ಹೇಗೆ ಬಂತು?

ಅವನನ್ನು ನೋಡಿದ್ದೀಯ ನೀನು, ಅದಕ್ಕೇ ಅವನು ಬಂದ. ಬೆಳಗಿನ ಜಾವ ಬರುತ್ತಾನೆ. ರಸ್ತೆಯ ಮೇಲಿನ ಕಬ್ಬಿಣದ ಮುಚ್ಚಳ ಎತ್ತುತ್ತಾನೆ. ಟಿ ಆಕಾರದ ಉದ್ದನೆ ಕೀಲಿ ಇಳಿಸುತ್ತಾನೆ, ಸುತ್ತು ಎಣಿಸುತ್ತಾ ತಿರುಗಿಸುತ್ತಾನೆ. ಈ ಬೀದಿಗೆ ಬಿಟ್ಟರೆ ಆ ಬೀದಿಗೆ ಕಟ್ಟು. ಗೇಟಿನ ಹಿಂದೆ ಯಾರೋ ನೈಟಿಯ ಮೇಲೆ ಟವೆಲ್ ಹೊದ್ದು, ಸಂಪಿನ ಮುಚ್ಚಳ ತೆಗೆದು ಬಗ್ಗಿ ನೋಡುತ್ತಿದ್ದಾರೆ. ಮೂಲೆ ಮನೆಯವರು ಹಬ್ಬಕ್ಕೆ ಅವನ ಕೈಗೆ ನೂರು ರೂಪಾಯಿ ಇಟ್ಟಿದ್ದಾರೆ, ಹತ್ತು ನಿಮಿಷ ಜಾಸ್ತಿ ಬಿಡಲಿ ಅಂತ.

ಅವನ ಪವರ್ ಎಷ್ಟು ಸಣ್ಣದು! ಆದರೆ ಎಳೆದಷ್ಟೂ ಬರುತ್ತದೆ. ಆ ನೀರು ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿ ಅಂತ ಪಂಪಿನಿಂದ ಪಂಪಿಗೆ ಏರಿ, ಸುಮಾರು 100 ಕಿಲೋಮೀಟರ್ ದೂರ, 500 ಮೀಟರ್ ಎತ್ತರ ಹತ್ತಿ ಬಂದ ಕಾವೇರಿ. ಅವನ ಕಿವಿ ಆ ಪೈಪಿನಲ್ಲಿ ಎಲ್ಲಿಯವರೆಗೆ ಹೋಗುತ್ತದೆ? ಬರೆಯಬೇಡ. ಆಡುವವನು ಕೇಳಿದ ದಿನ ಗೊತ್ತಾಗಲಿ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ಕಟ್ಟಬೇಕಾಯಿತು, ನೆನಪಿದೆಯಾ? ಅಂಥ ಒಂದು ಬೇಸಿಗೆಯಲ್ಲಿ ಟ್ಯಾಂಕರ್ ಮಾಲೀಕನೊಬ್ಬ ಬಂದು, "ಎರಡು ದಿನ ಈ ಕಡೆ ತಿರುಗಿಸಬೇಡಪ್ಪಾ" ಅಂದರೆ? ಅವನೇ ಇವನ ಮಗಳ ಫೀಸು ಕಟ್ಟಿದವನಾಗಿದ್ದರೆ? ಅವನು ನಿನಗೆ ಸಾಕು, ಆಕಾಶದಿಂದ ಬರುವ ವಿಲನ್ ಬೇಡ.

ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆಯಲ್ಲಿ. ಜನ ಬಸ್ಸಿಗೆ ನುಗ್ಗುತ್ತಿರುವಾಗ ಇವನು ಅಲ್ಲಿ ನಿಂತುಬಿಟ್ಟರೆ ಕಿವಿಗೆ ಏನು ಬೀಳುತ್ತದೆ? ಪ್ರಶ್ನೆಯನ್ನು ಮಾತ್ರ ಹಾಳೆಯ ಮೇಲೆ ಬರಿ. ಮೇಜಿನ ಸುತ್ತ ಕೂತವರು ಒಬ್ಬೊಬ್ಬರೂ ಒಂದೊಂದು ಹೇಳುತ್ತಾರೆ. ನಿನ್ನ ಉತ್ತರ ಚೆನ್ನಾಗಿದ್ದರೂ ನುಂಗಿಕೋ.

ಕೆಂಪೇಗೌಡರ ನಾಲ್ಕು ಗೋಪುರಕ್ಕೂ ಇದೇ ಮಾತು. ಲಾಲ್‌ಬಾಗ್ ಬಂಡೆ, ಹಲಸೂರು, ಕೆಂಪಾಂಬುಧಿ, ಮೇಖ್ರಿ ಸರ್ಕಲ್. ನಾಲ್ಕನ್ನೂ ಬೇರೆ ಲೋಕದ ಬಾಗಿಲು ಮಾಡಿದ್ದೀಯ. ಸರಿ. ಆಮೇಲೆ ಆ ಲೋಕ ಯಾವುದು, ಬಾಗಿಲು ಮಾಡಿದ್ದು ಯಾರು, ಬೀಗದ ಕೈ ಎಲ್ಲಿದೆ ಅಂತ ಆರು ಪುಟ. ಅಯ್ಯೋ. ಊರು ಈ ಗೋಪುರಗಳ ಗಡಿ ದಾಟಿ ಬೆಳೆದರೆ ಕೇಡು ಅಂತ ಜನ ಹೇಳಿಕೊಂಡು ಬಂದಿದ್ದಾರೆ. ಊರು ಗಡಿ ದಾಟಿ ಯಾವ ಕಾಲವಾಯಿತು. ಆಗಬೇಕಿದ್ದ ಕೇಡು ಆಗಿಹೋಯಿತಾ, ಇನ್ನೂ ಬಾಕಿ ಇದೆಯಾ? ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡವರನ್ನು ಕೇಳಿದರೆ ಆಗಿಹೋಗಿದೆ ಅನ್ನುತ್ತಾರೆ. ಅಷ್ಟು ಸಾಕು ನಿನ್ನ ಆರು ಪುಟದ ಜಾಗಕ್ಕೆ.

ಇನ್ನು ವಿಲನ್‌ನನ್ನು ಕಾಫಿಗೆ ಕರೆದ ಆ ಹುಡುಗ. ಅವನ ಮೇಲೆ ನಿನಗೆ ಕೋಪ ಬಂದಿದೆ, ಕಾಗದದ ತುಂಬ ಅದೇ ಇದೆ. ನೀನು ಬರೆದ ಲೋಕವನ್ನು ನಿಜ ಅಂತ ನಂಬಿದವನು ಅವನೊಬ್ಬನೇ ಕಣೇ. ಉಳಿದವರು ಮೊಬೈಲ್ ನೋಡುತ್ತಿದ್ದಾಗ ಅವನು ವಿಲನ್‌ನ ನಂಬರ್ ಹುಡುಕುತ್ತಿದ್ದ. ಕರೆದಾಗ ವಿಲನ್ ಬರಬೇಕಿತ್ತು. ಬಂದು, ಕಾಫಿಗೆ ಸಕ್ಕರೆ ಬೇಡ ಅಂತ ಹೇಳಿ, ಎದುರಿಗೆ ಕೂರಬೇಕಿತ್ತು. ಆಮೇಲೆ ಏನಾಗುತ್ತಿತ್ತೋ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅವನಿಗೆ ಫೋನ್ ಮಾಡು, ಇವತ್ತೇ.

ಬರುವ ಭಾನುವಾರ ಮಧ್ಯಾಹ್ನ ಮೂರರ ಮೇಲೆ ನಾಲ್ವರನ್ನೂ ಕರೆದುಕೊಂಡು ನಮ್ಮ ಮನೆಗೆ ಬಾ. ಜಿಎಂ ನೀನೇ, ನಾನು ಆಡುವವನು. ನೀರು ಬಿಡುವವನನ್ನು ಆ ಹುಡುಗನಿಗೆ ಕೊಡು. ನಾನು ಬೀದಿಯ ಕೊನೇ ಮನೆಯ ಮುದುಕ, ನಮ್ಮ ಕಡೆ ನೀರೇ ಬರಲ್ಲ ಅಂತ ದಿನಾ ಜಗಳಕ್ಕೆ ಬರುವವನು. ಆ ಪಾತ್ರಕ್ಕೆ ನನಗೆ ತಯಾರಿ ಬೇಡ. ನೀನು ಎರಡೇ ಪುಟ ಬರೆದು ತಾ. ಮೂರನೇ ಪುಟ ಇದ್ದರೆ ಬಾಗಿಲಲ್ಲೇ ಕಿತ್ತುಕೊಳ್ಳುತ್ತೇನೆ.

ಇಂತಿ,
ಹನುಮಂತನಗರದ ನಿನ್ನ ಮೇಷ್ಟ್ರು